ಆಯಿಯ ಬಲಗೈ

ಆಯಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವಳನ್ನು ಮಣ್ಣು ಮಾಡಿ ಹನ್ನೆರಡು ದಿನಗಳಾದ ಮೇಲೆ. ಬೆಳಗಾವಿಯ ಅನಗೋಳದ ನಮ್ಮ ಓಣಿಗೆ ಸೈಕಲ್ ಮೇಲೆ ಖಾರಿ, ಟೋಸ್ಟು ಮಾರಲು ಬರುವವನು ಅವಳ ಅಳಿಯ. ಆ ದಿನ ಅವನು ಗಂಟೆ ಬಾರಿಸಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬಾಗಿಲಲ್ಲಿ ನಿಂತು, "ಬಾಯಾರ, ನಮ್ಮ ಅತ್ತಿ ಹ್ವಾದ್ರು. ನಿಮಗ ಒಂದ ಸಾಮಾನು ಮುಟ್ಟಸೂದೈತಂತ. ಮನ್ಯಾಗ ಹೇಳಿ ಕಳಿಸ್ಯಾಳ, ಬಂದ ಹೋಗ್ರಿ" ಎಂದ.

ನಾನು ಎರಡು ದಿನ ಹೋಗಲಿಲ್ಲ. ಸಾಮಾನು ಏನೆಂದು ಗೊತ್ತಿರಲಿಲ್ಲ, ಆದರೆ ಹೆದರಿಕೆ ಇತ್ತು. ಆ ಹೆದರಿಕೆಗೆ ಏಳು ವರ್ಷ ವಯಸ್ಸಾಗಿತ್ತು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಊರಿನ ಮಂದಿ ಇನ್ನೂ ಇದ್ದಾರೆ, ಅವರಲ್ಲಿ ಕೆಟ್ಟವರು ಬಹಳ ಇರಲಿಲ್ಲ. ಖಾನಾಪುರದ ಸುತ್ತಿನ ಹಳ್ಳಿಗಳಲ್ಲಿ, ಕನ್ನಡದವರಿರಲಿ ಮರಾಠಿಯವರಿರಲಿ, ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವಳು ಸೂಲಗಿತ್ತಿ. ನಾನು ಎಪ್ಪತ್ತರ ದಶಕದ ನಡುವೆ ಖಾನಾಪುರದ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ನರ್ಸ್ ಆಗಿ ಹೋದವಳು, ಅಲ್ಲಿಯವರ ಮಾತಿನಲ್ಲಿ ಬಾಯಾರು. ಮೊದಲ ನೌಕರಿ. ಕೊರಳಲ್ಲಿ ಅವ್ವ ಕಟ್ಟಿದ ಲಿಂಗ, ಕೈಯಲ್ಲಿ ಸರಕಾರ ಕೊಟ್ಟ ರಜಿಸ್ಟರು, ತಲೆಯಲ್ಲಿ ಪುಸ್ತಕದ ಪಾಠ.

ಆಯಿಯ ಕೈ ಸಣ್ಣದು, ಬೆರಳು ಮಾತ್ರ ಉದ್ದ. ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಬಲಗೈಯನ್ನು ಒಲೆಯ ಹತ್ತಿರ ಹಿಡಿದು ಕಾಯಿಸಿಕೊಳ್ಳುತ್ತಿದ್ದಳು. ಒಲೆ ಇಲ್ಲದಿದ್ದರೆ ಕಂಕುಳಲ್ಲಿಟ್ಟು. "ತಣ್ಣನ ಕೈ ಇಟ್ರ ಕೂಸು ಒಳಗ ಅಂಜತೈತ್ರಿ" ಎನ್ನುವಳು. ಆಮೇಲೆ ಕಣ್ಣು ಮುಚ್ಚಿ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರುವಳು. ತಲೆ ಮೇಲಿದೆಯೋ ಕೆಳಗಿದೆಯೋ ಹೇಳುವಳು. ನಮ್ಮ ಡಾಕ್ಟರು ಕೊಳವೆ ಇಟ್ಟು ಕೇಳಿ, ಆಮೇಲೆ "ಆಯಿ ಏನಂದಳು?" ಎಂದು ನನ್ನನ್ನು ಕೇಳುತ್ತಿದ್ದರು.

ಸೂಲಗಿತ್ತಿಯರಿಗೆ ನಮ್ಮಲ್ಲಿ ತರಬೇತಿ ಇತ್ತು. ಮುಗಿಸಿದವರಿಗೆ ಒಂದು ಅಲ್ಯುಮಿನಿಯಂ ಪೆಟ್ಟಿಗೆ ಕೊಡುತ್ತಿದ್ದೆವು: ಬ್ಲೇಡು, ದಾರ, ಸಾಬೂನು, ಹತ್ತಿ. ಬ್ಲೇಡನ್ನೂ ದಾರವನ್ನೂ ಹತ್ತು ನಿಮಿಷ ಕುದಿಸಬೇಕು ಎಂದು ನಾನು ಕಲಿಸಿದೆ. ಗಡಿಯಾರ ಯಾರ ಬಳಿಯೂ ಇರಲಿಲ್ಲ. ಆಯಿ ಒಂದು ಉಪಾಯ ಕಂಡುಕೊಂಡಳು. ತನ್ನ ಪ್ರಾರ್ಥನಾ ಸಭೆಯಲ್ಲಿ ಕಲಿತ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಹಾಡಿದರೆ ಹತ್ತು ನಿಮಿಷ. ನಾನು ನನ್ನ ಕೈಗಡಿಯಾರ ಹಿಡಿದು ನೋಡಿದೆ. ಹನ್ನೊಂದಾಗಿತ್ತು. "ಒಂದ ಚರಣಾ ಬಿಡ್ಲೇನ್ರಿ?" ಎಂದು ಕೇಳಿದಳು. ಬೇಡ, ಇರಲಿ ಎಂದೆ.

ಹೌದು, ಅವಳು ಕ್ರೈಸ್ತಳು. ನಾನು ಬರುವ ಕೆಲವು ವರ್ಷ ಮೊದಲು, ಗಂಡ ತೀರಿದ ಮೇಲೆ, ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಮಗಳ ಮನೆಗೆ ಹೋದಾಗ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಳು. ಮಗಳು ಅಳಿಯ ಮೊದಲೇ ಆಗಿದ್ದರು. ಯಾಕೆ ಆಯಿ ಎಂದು ಒಮ್ಮೆ ಕೇಳಿದೆ. "ಕರದಾ, ಹ್ವಾದೆ" ಎಂದಳು. ಇನ್ನೂ ಏನಾದರೂ ಹೇಳುತ್ತಾಳೆಂದು ಕಾದೆ. ಅಷ್ಟೇ ಇತ್ತು.

ಊರಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಮೊದಮೊದಲು. ಒಲೆಗೆ ಕೆಂಡ ಕೇಳಲು ಹೋದರೆ ಕೆಂಡ ಆರಿದೆ ಎಂದರು. ಬಾವಿಯ ಕಟ್ಟೆಯ ಮೇಲೆ ಅವಳ ಕೊಡವನ್ನು ಬೇರೆ ಸರಿಸಿಟ್ಟರು. ಮಗ ಅದೇ ಮನೆಯಲ್ಲಿ ಗೋಡೆ ಎಬ್ಬಿಸಿ ಬೇರೆ ಒಲೆ ಹೂಡಿದ. ಮದುವೆಗೆ ಅಕ್ಷತೆ ಬರುವುದು ನಿಂತಿತು. ಹೆರಿಗೆಗೆ ಮಾತ್ರ ಕರೆ ಬರುತ್ತಿತ್ತು, ಹಿತ್ತಲ ಬಾಗಿಲಿನಿಂದ. ನೋವು ಬಂದಾಗ ಯಾರಿಗೂ ಏನೂ ನೆನಪಾಗುತ್ತಿರಲಿಲ್ಲ, ಕೂಸು ಅತ್ತ ಮೇಲೆ ಎಲ್ಲ ನೆನಪಾಗುತ್ತಿತ್ತು.

ಕಷ್ಟ ಇದ್ದದ್ದು ಐದನೇ ದಿನದ್ದು. ಆ ಕಡೆ ಅದಕ್ಕೆ ಪಾಚವಿ ಎನ್ನುತ್ತಾರೆ. ಕೂಸು ಹುಟ್ಟಿದ ಐದನೇ ದಿನ ಸಟವಾಯಿ ತಾಯಿ ಬಂದು ಅದರ ಹಣೆಬರಹ ಬರೆಯುತ್ತಾಳೆ. ಅವಳಿಗಾಗಿ ಬಾಣಂತಿಯ ಕೋಣೆಯ ಮೂಲೆಯಲ್ಲಿ ಒಂದು ಮರದಲ್ಲಿ, ಅಂದರೆ ಅಕ್ಕಿ ಕೇರುವ ಮರದಲ್ಲಿ, ಅರಿಷಿಣ ಕುಂಕುಮ, ದೀಪ, ಒಂದು ಖಾಲಿ ಹಾಳೆ, ಬರೆಯಲು ಏನಾದರೊಂದು ಇಡಬೇಕು. ಇಡುವವಳು ಸೂಲಗಿತ್ತಿಯೇ, ಹೊಕ್ಕುಳಬಳ್ಳಿ ಕೊಯ್ದ ಕೈಯೇ ಆಗಬೇಕು. ಆಯಿ ಮೂವತ್ತು ವರ್ಷ ಇಟ್ಟಿದ್ದಳು. ದೀಕ್ಷೆಯಾದ ಮೇಲೆ ಬಾಣಂತಿಗೆ ಎರೆದು, ಕೂಸಿಗೆ ಎಣ್ಣೆ ಹಚ್ಚಿ, "ನಿಮ್ಮ ಕೈಲೇ ಮಾಡ್ಕೋರೆವ್ವಾ" ಎಂದು ಎದ್ದು ಹೋಗುತ್ತಿದ್ದಳು. ಅವಳ ಮೇಲೆ ಪ್ರೀತಿ ಇದ್ದ ಮನೆಗಳಲ್ಲಿ ನಡೆಯಿತು. ಆದರೆ ಊರಲ್ಲಿ ಯಾವ ಕೂಸಿಗೆ ಜ್ವರ ಬಂದರೂ ಅದು ಆಯಿಯ ಲೆಕ್ಕಕ್ಕೆ ಸೇರುತ್ತ ಹೋಯಿತು.

ಊರ ಹಿರಿಯರಲ್ಲೊಬ್ಬ ಅವಳ ಸ್ವಂತ ಮೈದುನ. ಅವನೂ ಒಳ್ಳೆಯವನು. ಅಣ್ಣ ಸತ್ತ ವರ್ಷ ಇವಳ ಮನೆಗೆ ಭತ್ತ ಹೊತ್ತು ಹಾಕಿದವನು. ಅವನಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು, ಬಂದ ಬೀಗರೆಲ್ಲ ವೈನಿಯ, ಅಂದರೆ ಅತ್ತಿಗೆಯ, ವಿಷಯ ಕೇಳುತ್ತಿದ್ದರು. ನಾನಿದ್ದಾಗಲೇ ಒಮ್ಮೆ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತ.

"ವೈನಿ, ಒಂದ ಸಲಾ ಕೈ ಮುಗದ ಬಿಡು. ನಿನ್ನ ದೇವರು ಇಲ್ಲಿತನಾ ಬಂದು ನೋಡತಾನೇನು?"

"ನೋಡಲಿಲ್ಲಂದ್ರ ಅಂವ ಎಂಥಾ ದೇವರಪಾ ತಮ್ಮಾ?"

ಮೈದುನ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಎದ್ದು ಹೋದ.

ಆಯಿಗೆ ಓದು ಬರುತ್ತಿರಲಿಲ್ಲ. ಅವಳ ಮತದ ಪುಸ್ತಕವನ್ನು ಹೆರಿಗೆ ಪೆಟ್ಟಿಗೆಯಲ್ಲೇ, ಹತ್ತಿಯ ಮೇಲೆ, ಹಳೆ ಕುಬಸದ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಕೇಂದ್ರದ ಪಡಸಾಲೆಯಲ್ಲಿ ನಾನು ಓದಿ ಹೇಳುತ್ತಿದ್ದೆ. ಅವಳು ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ ಕಥೆ. ಗುರುವನ್ನು ಹಿಡಿದುಕೊಂಡು ಹೋದಾಗ ಶಿಷ್ಯನೊಬ್ಬ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿರುತ್ತಾನೆ. ನೀನೂ ಅವನ ಕಡೆಯವನಲ್ಲವೇ ಎಂದು ಕೇಳಿದವರಿಗೆ ಅವನು ನನಗೆ ಗೊತ್ತೇ ಇಲ್ಲ ಎನ್ನುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ಆಯಿ ನಾಲಿಗೆಯಿಂದ ಲೊಚಗುಟ್ಟಿ, "ಪಾಪ, ಅಂಜ್ಯಾನ" ಎನ್ನುವಳು. ಸಿಟ್ಟಿನಿಂದ ಎಂದೂ ಅಂದದ್ದಲ್ಲ. ತನಗೆ ಗೊತ್ತಿದ್ದ ಯಾರದೋ ಮಗನ ಬಗ್ಗೆ ಹೇಳುವಂತೆ.

ಈಗ ಒಂದು ಮನೆಯ ವಿಷಯ. ನಡೆದದ್ದನ್ನು ನಡೆದಂತೆ ಬರೆಯಲು ಪ್ರಯತ್ನಿಸುತ್ತೇನೆ.

ಅದೇ ಊರಿನ ಒಂದು ಒಕ್ಕಲುತನದ ಮನೆಯ ಸೊಸೆಗೆ ಚೊಚ್ಚಲ ಹೆರಿಗೆ. ಕೂಸು ಕಾಲು ಮುಂದಾಗಿ ಬಂದಿತ್ತು. ಹೊಳೆ ತುಂಬಿ ಗಾಡಿ ಓಡುತ್ತಿರಲಿಲ್ಲ. ಆಯಿಯನ್ನು ಕರೆದರು, ಅವಳು ತಾಯಿ ಮಗು ಇಬ್ಬರನ್ನೂ ಉಳಿಸಿದಳು. ಹೆಣ್ಣುಕೂಸು. ಐದನೇ ದಿನ ಸಂಜೆಯ ಹೊತ್ತಿಗೆ ನಾನು ನೋಡಲು ಹೋದೆ. ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಕಾಕು ಎನ್ನುತ್ತಿದ್ದರು, ಹುಟ್ಟಿದ ಕೂಸಿನ ಅಜ್ಜಿ. ಅವಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಬಾಯಾರ, ಮುದುಕಿಗೆ ನೀವರ ಹೇಳ್ರಿ. ಇವತ್ತ ಪಾಚವಿ. ಆಕಿ ಹಾಳಿ ಇಡಲಿಲ್ಲಂದ್ರ ಊರಾಗ ಇಡೂದಿಲ್ಲಂತ ಗಂಡಸರು ಮಾತಾಡ್ಕೊಂಡಾರ. ಈ ಸಲಾ ಬಿಡೂದಿಲ್ಲ ಅವರು."

ಆಯಿ ಹಿತ್ತಲ ಬಚ್ಚಲಲ್ಲಿ ಬಾಣಂತಿಗೆ ನೀರು ಹದ ಮಾಡುತ್ತಿದ್ದಳು. ಹೇಳಿದೆ. "ಎರಡ ನಿಮಿಷದ ಕೆಲಸ ಆಯಿ" ಎಂದೆ.

"ಹೌದರಿ, ಎರಡ ನಿಮಿಷದ್ದ. ಅದಕ್ಕ ಅಂಜಿಕಿ" ಎಂದಳು. ಆಮೇಲೆ, "ನೀರ ಆರತಾವ, ಹುಡಿಗೀನ ಕಳಸ್ರಿ."

ಸೊಸೆ ಬಚ್ಚಲಿಗೆ ಹೋದಳು. ಕೋಣೆಯಲ್ಲಿ ನಾನು ಮತ್ತು ಮಲಗಿದ್ದ ಕೂಸು. ಮೂಲೆಯಲ್ಲಿ ಕಾಕು ಮರವನ್ನು ಸಿದ್ಧ ಮಾಡಿ, ಹಾಳೆಯನ್ನು ಪಕ್ಕಕ್ಕೆ ಮಡಚಿಟ್ಟು ಹೋಗಿದ್ದಳು. ಬರೆಯಲು ಏನೂ ಇರಲಿಲ್ಲ. ನನ್ನ ಬಳಿ ಒಂದು ಪೆನ್ಸಿಲ್ ಇತ್ತು, ಅರ್ಧ ಕೆಂಪು ಅರ್ಧ ನೀಲಿ, ರಜಿಸ್ಟರಿಗೆಂದು ಇಲಾಖೆ ಕೊಟ್ಟದ್ದು. ಎರಡೂ ತುದಿಯ ಕೆಳಗೆ ಕಚ್ಚುವ ಚಟ ನನಗೆ. ಅಂಥ ಪೆನ್ಸಿಲ್ ಆ ಊರಲ್ಲಿ ಇನ್ನೊಂದಿರಲಿಲ್ಲ, ಮನೆಮನೆಯ ಹೆಂಗಸರು ಅದನ್ನು ನೋಡಿದ್ದರು.

ನಾನು ಹಾಳೆಯನ್ನು ಬಿಡಿಸಿ ಮರದಲ್ಲಿಟ್ಟೆ. ಅದರ ಮೇಲೆ ಪೆನ್ಸಿಲ್ ಇಟ್ಟೆ. ಅರಿಷಿಣ ಕುಂಕುಮ ಏರಿಸಿ ದೀಪ ಹಚ್ಚಿದೆ. ಕೂಸುಗಳನ್ನು ಕೊಲ್ಲುವುದು ಸಟವಾಯಿಯಲ್ಲ, ಕುದಿಸದ ಬ್ಲೇಡು ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆಗ ನನಗನ್ನಿಸಿದ್ದು ಇಷ್ಟೇ: ದೀಪ ಯಾರು ಹಚ್ಚಿದರೇನು, ಮುದುಕಿ ಉಳಿಯುತ್ತಾಳೆ. ಅವಳನ್ನು ಕೇಳದೆ, ಅವಳ ಹೆಸರಿನಲ್ಲಿ ಮಾಡುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ.

ಕಾಕು ಬಾಗಿಲಿಂದ ಇಣುಕಿ ದೀಪ ನೋಡಿದಳು. "ಅಂತೂ ಮುದುಕಿ ಹಾದಿಗೆ ಬಂದ್ಲು" ಎಂದಳು. ನಾನು ಸುಮ್ಮನಿದ್ದೆ. ಆಯಿ ಸೊಸೆಯನ್ನು ಕರೆತಂದು ಮಲಗಿಸಿ ಹೊದಿಸಿದಳು. ದೀಪವನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ರಜಿಸ್ಟರು ತೆರೆದೆ. ಬರೆಯಲು ಕೈಯಲ್ಲಿ ಏನೂ ಇರಲಿಲ್ಲ. ಅವಳು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ನನ್ನನ್ನೂ ಕರೆಸಿದರು, ಆಯಿಯನ್ನೂ ಕರೆಸಿದರು. ದಾರಿಯುದ್ದಕ್ಕೂ ನನಗೆ ಒಂದೇ ಭಯ, ದವಡೆ ಸೆಟೆದಿರಬಾರದು. ಸೆಟೆದಿದ್ದರೆ ಧನುರ್ವಾಯು, ಆಗ ಯಾರೂ ಏನೂ ಮಾಡುವಂತಿರಲಿಲ್ಲ. ಗಲ್ಲ ಒತ್ತಿ ನೋಡಿದೆ, ಬಾಯಿ ತೆರೆಯಿತು. ಹೊಕ್ಕುಳ ಸುತ್ತ ಕೆಂಪಗೆ ಬಾತಿತ್ತು, ಅದರ ಮೇಲೆ ಯಾರೋ ಬೂದಿ ಹಚ್ಚಿದ್ದರು. ಬೆಳಗಾವಿ ಆಸ್ಪತ್ರೆಗೆ ಒಯ್ದರೆ ಉಳಿಯಬಹುದು ಎಂದೆ. ಹೊಳೆ ಇಳಿದಿತ್ತು. ಕೂಸಿನ ತಂದೆ ಗಾಡಿ ತರಲು ಖಾನಾಪುರಕ್ಕೆ ಓಡಿದ. ಆಯಿ ಕೋಣೆಯಲ್ಲಿ ಕೂಸಿನ ಬಳಿ ಕುಳಿತಳು. ನಾನು ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಹತ್ತು ಹನ್ನೆರಡು ಜನ. ಕಿರಿಸ್ತಾನದವಳ ಕೈ ಹೊಕ್ಕುಳ ಕೊಯ್ದಿದೆ, ಪಾಚವಿ ಆಗಿಲ್ಲ, ಇನ್ನೇನಾಗುತ್ತದೆ ಎಂದು ಒಬ್ಬ. ಕಾಕು ಅಡ್ಡ ಬಂದಳು. "ಆಗೇತಿ. ಆಕೀನ ಮಾಡ್ಯಾಳ, ನಾ ದೀಪಾ ನೋಡೇನಿ."

ಮೈದುನ ನನ್ನ ಕಡೆ ತಿರುಗಿದ. "ಬಾಯಾರ, ನೀವು ಅಲ್ಲೇ ಇದ್ರಿ. ಖರೇ ಹೇಳ್ರಿ. ನಮ್ಮ ವೈನಿ ಹಾಳಿ ಇಟ್ಲು?"

"ಇಟ್ಲು" ಎಂದೆ.

ಅವನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಟ್ಟೆಯ ಮೇಲೆ ಕುಸಿದು ಕುಳಿತು ಟಾವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಆತಲ್ಲ ಮತ್ತ. ವೈನಿ ಮನಿಗೆ ಬಂದ್ಲು ಅಂತ ತಿಳೀರಿ. ನಾಳಿ ಗುಡ್ಯಾಗ ಒಂದ ಕಾಯಿ ಒಡಸೂಣು, ಮುಗೀತು." ಯಾರೋ, "ಏನಾದ್ರೂ ಸಟವಾಯೀನ ಜೋರಪಾ" ಎಂದ. ನಾಲ್ಕು ಮಂದಿ ನಕ್ಕರು. ಒಬ್ಬ ಎಲೆ ಅಡಿಕೆ ಚೀಲ ಬಿಚ್ಚಿದ. ಇನ್ನೊಂದು ನಿಮಿಷ ಆಯಿ ಒಳಗೇ ಇದ್ದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು.

ಅವಳು ಹೊರಗೆ ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ತಮ್ಮಾ, ನಾ ಇಟ್ಟಿಲ್ಲ."

"ಬಾಯಾರು ನೋಡ್ಯಾರ ವೈನಿ."

"ಬಾಯಾರನ್ನ ಬಿಡು. ನಾ ಹೇಳಾಕತ್ತೀನಿ, ನಾ ಇಟ್ಟಿಲ್ಲ. ನಾ ಯೇಸುಸ್ವಾಮಿ ಮಂದಿ. ಅಂವನ್ನ ಬಿಟ್ಟಿಲ್ಲ."

"ಸುಮ್ಮಿರು ವೈನಿ" ಎಂದ ಅವನು, ಬಹಳ ಮೆತ್ತಗೆ. "ಯಾರರ ಕೇಳಿದ್ರೇನು ನಿನ್ನ? ಸುಮ್ಮಿರು."

"ಸುಮ್ಮಿದ್ರ ಹೌದಂದಂಗ ಆಕ್ಕೇತಲ್ಲಪಾ."

ಕಾಕುಗೆ ಅವಮಾನವಾಗಿತ್ತು. ಒಳಗೆ ಹೋಗಿ ಮರವನ್ನು ತಂದು ಎಲ್ಲರ ಮುಂದಿಟ್ಟಳು. "ಹಂಗಾರ ಇದನ್ನ ಇಟ್ಟವರ ಯಾರು?" ಆರಿದ ದೀಪ, ಕುಂಕುಮ, ಹಾಳೆ. ಪೆನ್ಸಿಲ್ ಇರಲಿಲ್ಲ. "ನಿನ್ನಿ ಹಾಳಿ ಮ್ಯಾಲ ಏನೋ ಇತ್ತ, ನಾ ಕಂಡೇನಿ. ಬರಿಯೂದು ಎಲ್ಲಿ ಹೋತು? ಆಕೀ ಕೈಯಾಗ ಏನೈತಿ ನೋಡ್ರಿ."

ಎಲ್ಲರೂ ಸೆರಗಿನ ಕಡೆ ನೋಡಿದರು. ಆ ಮುಷ್ಟಿಯಲ್ಲಿ ಏನಿದೆಯೆಂದು ಅಂಗಳದಲ್ಲಿ ಗೊತ್ತಿದ್ದವರು ಇಬ್ಬರೇ. ಅದು ಬಿಚ್ಚಿದರೆ ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗುತ್ತಿದ್ದವು: ಸುಳ್ಳು ಹೇಳಿದವಳು, ಹೊಕ್ಕುಳ ಕೊಯ್ಯದ ಕೈಯಿಂದ ಹಾಳೆ ಇಟ್ಟು ಕೂಸಿಗೆ ಕೇಡು ತಂದವಳು. ನನಗೆ ಬಾಯಿ ಇತ್ತು. ಅಲ್ಲಿಂದ ಆಯಿಗೆ ನಾಲ್ಕು ಹೆಜ್ಜೆ ಇತ್ತು. ನಾನು ಎಣಿಸಿದ್ದೇನೆ.

ಇಬ್ಬರು ಹೆಂಗಸರು ಅವಳ ಕೈ ಹಿಡಿದರು. ಮಾಟದ್ದೇನೋ ಇದೆ ಎಂದರು, ಸಟವಾಯಿ ಲೇಖನಿ ಕದ್ದಿದ್ದಾಳೆ ಎಂದರು. ಬೆರಳು ಬಿಡಿಸಲು ನೋಡಿದರು. ಹೆರಿಗೆಯಲ್ಲಿ ಅಷ್ಟು ಮೆತ್ತಗಿರುತ್ತಿದ್ದ ಬೆರಳುಗಳು ಬಿಡಲಿಲ್ಲ. ಒಬ್ಬ ಗಂಡಸು ಅವಳ ಪೆಟ್ಟಿಗೆಯನ್ನು ಒದ್ದ. ಸಾಬೂನು, ದಾರ, ಬಟ್ಟೆ ಸುತ್ತಿದ ಪುಸ್ತಕ ಅಂಗಳದಲ್ಲಿ ಹರಡಿದವು. ಬಿಡು, ಬಿಡು ಎನ್ನುತ್ತ ಯಾರೋ ಒರಳಿನ ಬಳಿಯಿದ್ದ ಒನಕೆಯನ್ನು ಎತ್ತಿ ಮಣಿಕಟ್ಟಿನ ಮೇಲೆ ಹೊಡೆದರು. ಯಾರೆಂದು ನೋಡಿದ್ದೇನೆ, ಬರೆಯುವುದಿಲ್ಲ. ಆಯಿ ಕೂಗಲಿಲ್ಲ. ಕೈಯನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬೋರಲು ಬಿದ್ದಳು.

"ಸಾಕ ಬಿಡ್ರೋ" ಎಂದು ಮೈದುನ ಚೀರಿದ. ಅದೇ ಹೊತ್ತಿಗೆ ಹೊರಗೆ ಟ್ರಕ್ಕಿನ ಹಾರನ್ ಕೇಳಿತು. ನೆಲದ ಮೇಲಿಂದಲೇ ಆಯಿ ಹೇಳಿದಳು: "ಬಾಯಾರ, ಮೊದಲ ಕೂಸು ತಗೊಂಡ ನಡೀರಿ."

ನಾನು ನಡೆದೆ. ಕೂಸಿಗೆ ನನ್ನ ಅಗತ್ಯವಿತ್ತು, ಅದು ನಿಜ. ಆ ಅಂಗಳದಿಂದ ಹೋಗಬೇಕಾಗಿತ್ತು, ಅದೂ ನಿಜ. ಯಾವುದು ಹೆಚ್ಚು ನಿಜ ಎಂದು ಬೆಳಗಾವಿಯ ದಾರಿಯಲ್ಲಿ ದೇಸೂರಿನವರೆಗೂ ಯೋಚಿಸಿದೆ, ಆಮೇಲೆ ಕೂಸು ಸಣ್ಣಗೆ ಅತ್ತಿತು, ಯೋಚನೆ ಬಿಟ್ಟೆ.

ಕೂಸು ಉಳಿಯಿತು. ಹದಿನಾಲ್ಕು ದಿನದ ಇಂಜೆಕ್ಷನ್ನು. ಮನೆಯವರು ಬೇರೆ ಊರಿನ ಸೂಲಗಿತ್ತಿಯನ್ನು ಕರೆಸಿ ಪಾಚವಿಯನ್ನು ಹೊಸದಾಗಿ ಮಾಡಿಸಿದ್ದರು, ಅದರಿಂದಲೇ ಉಳಿಯಿತು ಎಂದರು. ಈ ಮಾತನ್ನು ಆಯಿಗೆ ಹೇಳಲು ನನಗೆ ನಾಚಿಕೆಯಾಗಿತ್ತು, ಆದರೂ ಹೇಳಿದೆ. ಅವಳು, "ಏನರ ಅನ್ನಲಿ ಬಿಡ್ರಿ. ಹಾಲು ಕುಡಿತೈತಿಲ್ಲ?" ಎಂದಳು.

ಆ ಹೊತ್ತಿಗೆ ಅವಳು ಬೆಳಗಾವಿಯ ಮಗಳ ಮನೆಯಲ್ಲಿದ್ದಳು. ಊರು ಬಿಡಿಸಿದ್ದರು. ಕೈಗೆ ಪಟ್ಟಿ ಹಾಕುವಾಗ ಹೇಗಾಯಿತೆಂದು ಕೇಳಿದ ಡಾಕ್ಟರಿಗೆ "ಕೈ ಮ್ಯಾಲ ಬಿದ್ದೆ" ಎಂದಿದ್ದಳಂತೆ. ಅದೂ ಸುಳ್ಳಲ್ಲ. ಮೂಳೆ ಕೂಡಿತು, ಸರಿಯಾಗಿ ಕೂಡಲಿಲ್ಲ. ಬೆರಳುಗಳು ಅರ್ಧ ಮುಚ್ಚಿದಂತೆ ನಿಂತುಬಿಟ್ಟವು. ಪ್ರಾರ್ಥನೆಗೆ ಬಂದ ಬಸುರಿಯರು ಅವಳ ಮುಂದೆ ಬಂದು ನಿಂತರೆ ಎಡಗೈ ಕಾಯಿಸಿ ಇಟ್ಟು ನೋಡುವಳು. ಆಮೇಲೆ ತಲೆಯಾಡಿಸಿ, "ಇದಕ್ಕ ತಿಳಿಯೂದಿಲ್ಲವ್ವಾ, ಇದು ಕಲ್ತಿಲ್ಲ. ದವಾಖಾನಿಗೆ ಹೋಗು" ಎನ್ನುವಳು.

ಎರಡು ವರ್ಷದ ಮೇಲೆ ನನಗೂ ಬೆಳಗಾವಿಗೆ ವರ್ಗವಾಯಿತು. ತಿಂಗಳಿಗೊಮ್ಮೆ ಹೋಗಿ ಓದಿ ಹೇಳುತ್ತಿದ್ದೆ. ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಪ್ರತಿಸಲವೂ ಹೋಗುತ್ತಿದ್ದೆ. ಮಗಳು ಅಲ್ಲೇ ಇರುತ್ತಿದ್ದಳು, ಅಥವಾ ಇರುತ್ತಿರಲಿಲ್ಲ, ಎರಡೂ ನನಗೆ ನೆಪವಾಗುತ್ತಿದ್ದವು. ಒಮ್ಮೆ "ಆಯಿ, ಆವತ್ತು..." ಎಂದು ಶುರು ಮಾಡಿದೆ. ಅವಳು ಪುಸ್ತಕವನ್ನು ಎಡಗೈಯಿಂದ ನನ್ನ ಕಡೆ ಸರಿಸಿ, "ಆ ಅಂಗಳದ್ದು ಓದ್ರಿ" ಎಂದಳು. ಓದಿದೆ. ಗೊತ್ತಿಲ್ಲ ಎಂದ ಶಿಷ್ಯ ಹೊರಗೆ ಹೋಗಿ ಅತ್ತ ಎಂಬಲ್ಲಿ ಓದು ನಿಲ್ಲಿಸಿದೆ.

"ಪಾಪ, ಅಂಜ್ಯಾನ" ಎಂದಳು ಆಯಿ, ಎಂದಿನಂತೆ. ಆಮೇಲೆ, "ಮುಂದ ಸ್ವಾಮಿ ಅಂವಗ ಕೆಲಸಾ ಕೊಟ್ನಲ್ರಿ. ಕೈ ಬಿಡಲಿಲ್ಲ" ಎಂದಳು.

ಅಳಿಯ ಬಂದು ಸುದ್ದಿ ಹೇಳಿದ ಮೂರನೇ ದಿನ ಕ್ಯಾಂಪಿಗೆ ಹೋದೆ. ಮಗಳು ಚಹಾ ತಂದಿಟ್ಟು, ಒಳಗಿನಿಂದ ಆ ಅಲ್ಯುಮಿನಿಯಂ ಪೆಟ್ಟಿಗೆಯನ್ನು ತಂದಳು. ಒಂದು ಮೂಲೆ ಒದೆತಕ್ಕೆ ತಗ್ಗಾಗಿದ್ದದ್ದು ಹಾಗೇ ಇತ್ತು. ಪುಸ್ತಕದ ಬಟ್ಟೆಯನ್ನು ಬಿಚ್ಚಿದಳು. ಹಾಳೆಗಳ ನಡುವೆ, ಬೆರಳುದ್ದದ್ದು, ಅರ್ಧ ಕೆಂಪು ಅರ್ಧ ನೀಲಿ.

"ಸಾಯೂ ಮುಂದ, ಪೆಟಿಗ್ಯಾಗಿಂದು ಬಾಯಾರಿಗೆ ಕೊಡು ಅಂದ್ಲರಿ. ಪುಸ್ತಕಂತ ತಿಳಕೊಂಡೆ. ಬಿಚ್ಚಿದ್ರ ಇದು ಸಿಕ್ತು. ಅವ್ವಗ ಬರಿಯಾಕ ಬರತಿದ್ದಿಲ್ಲ. ಇದು ಯಾರದಿರಬೇಕ್ರಿ?"

ಅವಳಿಗೆ ಖರೇನೇ ಗೊತ್ತಿರಲಿಲ್ಲ. ನಾನು ಪೆನ್ಸಿಲನ್ನು ನೋಡಿದೆ. ಹಲ್ಲಿನ ಗುರುತು ಇನ್ನೂ ಇತ್ತು. ಯಾರದೋ ಏನೋ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ನಂದು" ಎಂದೆ.

ಆಮೇಲೆ ಎಲ್ಲ ಹೇಳಿದೆ. ಬಚ್ಚಲ ನೀರು, ದೀಪ, ಇಟ್ಲು ಎಂದದ್ದು, ನಾಲ್ಕು ಹೆಜ್ಜೆ. ಅವಳು ತಲೆ ತಗ್ಗಿಸಿಕೊಂಡು ಕೇಳಿದಳು. 

"ಏಳ ವರ್ಷ ಅವ್ವನ ತಲಿ ನಾ ಬಾಚೀನ್ರಿ" ಎಂದಳು. "ಆಕೀಗೆ ಆ ಕೈಲೆ ಹೆರಳ ಹಾಕ್ಕೊಳ್ಳಾಕ ಬರತಿದ್ದಿಲ್ಲ."

 ಪೆನ್ಸಿಲನ್ನು ಬಟ್ಟೆಯಲ್ಲಿ ಸುತ್ತಿ, ಎದ್ದು ಬಂದು, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದಳು. ಅವಳ ಕೈ ಬೆಚ್ಚಗಿತ್ತು.